ಇನಾಮದಾರ ಎಂಬ ಅಡ್ಡಹೆಸರು

ರಾಯಚೂರು, ಮಾನ್ವಿ, ದೇವದುರ್ಗದ ಕಡೆ ‘ಇನಾಮದಾರ’ ಎಂಬ ಅಡ್ಡಹೆಸರು ಕೇಳಿದ ಮಾತ್ರಕ್ಕೆ ಆ ಮನೆಯವರ ಧರ್ಮ ಹೇಳಲಾಗದು. ಬ್ರಾಹ್ಮಣರಲ್ಲಿದೆ, ಲಿಂಗಾಯತರಲ್ಲಿದೆ, ಮುಸ್ಲಿಮರಲ್ಲಿಯೂ ಇದೆ. ಅರಬ್ಬಿಯ ‘ಇನಾಮ್’ಗೆ ಪಾರಸಿಯ ‘ದಾರ್’ ಕೂಡಿದ ಹೆಸರಿದು. ಕಂದಾಯ ಮಾಫಿಯಾದ, ಇಲ್ಲವೇ ಕಡಿಮೆಯಾದ ಭೂಮಿ ಪಡೆದವನು ಇನಾಮದಾರ. ಬಿಜಾಪುರದ ಮೊದಲನೆಯ ಇಬ್ರಾಹಿಂ ಆದಿಲ್‌ಶಾಹ (1534–58) ಲೆಕ್ಕಪತ್ರವನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿ ಬ್ರಾಹ್ಮಣ ಲೆಕ್ಕಿಗರಿಗೆ ಕೆಲಸ ಕೊಟ್ಟ. ಆದರೂ ಹುದ್ದೆ, ಹಕ್ಕುಗಳ ಎಷ್ಟೋ ಹೆಸರು ಪಾರಸಿಯಲ್ಲೇ ಉಳಿದು, ಮನೆತನಗಳಿಗೆ ಅಂಟಿಕೊಂಡವು. ವಿಜಯಪುರ, ಬೆಳಗಾವಿ, ಮಹಾರಾಷ್ಟ್ರದಲ್ಲೂ ಇನಾಮದಾರರಿದ್ದಾರೆ. ಕಾದಂಬರಿಕಾರ ವಿ. ಎಂ. ಇನಾಂದಾರ್ ಅವರಿಂದಾಗಿ ಕನ್ನಡ ಓದುಗರಿಗೆಲ್ಲ ಇದು ಪರಿಚಿತ.

ಈ ಹೆಸರನ್ನು ಅಭಿಮಾನದಿಂದ ಹೇಳಿಕೊಳ್ಳುವವರ ಮಾತಿನಲ್ಲಿ ತಥ್ಯವಿದೆ. ಗುಡಿಯ ಪೂಜೆಗೆ ಬಿಟ್ಟ ಹೊಲವೂ ದರ್ಗಾದ ದೀಪದೆಣ್ಣೆಗೆ ಬಿಟ್ಟ ಹೊಲವೂ ಸರ್ಕಾರದ ದಫ್ತರದಲ್ಲಿ ಇನಾಮೇ ಆಗಿತ್ತು. ಹಿಂದೂ, ಮುಸ್ಲಿಂ ಮನೆಗಳೆರಡೂ ಒಂದೇ ಅಡ್ಡಹೆಸರಿನಲ್ಲಿ ಬಾಳಿದ್ದು ಈ ನಾಡಿನ ನಿಜವಾದ ಚರಿತ್ರೆ. ಇವತ್ತು ಅದನ್ನು ನೆನೆಯುವುದು ಸಣ್ಣ ವಿಷಯವಲ್ಲ.

ಈ ಹೆಸರೇ ಬೇಡ ಎನ್ನುವವರ ತಕರಾರು ಇನ್ನೂ ಆಳದ್ದು. 1954–55ರ ಜಮೀನು ದಾಖಲೆಯಾದ ಖಾಸ್ರಾ ಪಹಣಿ ತೆಗೆದು ನೋಡಿ: ಪಟ್ಟೇದಾರನಿಗೊಂದು ಕಲಂ, ಸಾಗುವಳಿ ಮಾಡಿದವನಿಗೆ ಇನ್ನೊಂದು. ಇನಾಮು ಜಮೀನಿನಲ್ಲಿ ಈ ಎರಡು ಕಲಮುಗಳ ಹೆಸರು ಎಷ್ಟೋ ಕಡೆ ಬೇರೆ ಬೇರೆ. ಅದಕ್ಕಿಂತ ನನ್ನನ್ನು ಕಾಡುವುದು ಮತ್ತೊಂದು. ಊರು ಕಾಯುವ ಸೇತ್‌ಸಿಂಧಿಗೂ ಕೆರೆಯ ನೀರು ಬಿಡುವ ನೀರಡಿಗೂ ಚಾಕರಿ ಇನಾಮು ಇತ್ತು. ಈ ಭಾಗ ಆಗ ಸೇರಿದ್ದ ಹೈದರಾಬಾದ್ ರಾಜ್ಯದ 1955ರ ಇನಾಮು ರದ್ದತಿ ಕಾಯ್ದೆಯೇ ಅವನ್ನು ಹೆಸರಿಸುತ್ತದೆ. ಆದರೆ ಊರು ಕಾದವರು ಅಡ್ಡಹೆಸರಿನಲ್ಲಿ ತಳವಾರರಾಗಿಯೇ ಉಳಿದರು. ಒಬ್ಬರಿಗೆ ಭೂಮಿಯ ಹೆಸರು ಬಂತು, ಇನ್ನೊಬ್ಬರಿಗೆ ಚಾಕರಿಯದು. ಧರ್ಮದ ಗೆರೆ ದಾಟಿದ ಈ ಹೆಸರು ಅಂತಸ್ತಿನ ಗೆರೆ ದಾಟಲಿಲ್ಲ.

ಹಾಗೆಂದು ಹೆಸರು ಕಿತ್ತುಹಾಕಿ ಎನ್ನಲಾರೆ. ಹೊಲವೆಲ್ಲ ಕೈಬಿಟ್ಟು, ಮಾಸ್ತರಿಕೆಯಲ್ಲೋ ಗುಮಾಸ್ತಿಕೆಯಲ್ಲೋ ಬದುಕು ಕಟ್ಟಿಕೊಂಡವರ ಮೊಮ್ಮಕ್ಕಳಿಗೆ ಅಜ್ಜನ ದರ್ಬಾರಿನ ಲೆಕ್ಕ ಕೇಳುವುದು ನ್ಯಾಯವಲ್ಲ. ಆದರೆ ಮನೆತನದ ಚರಿತ್ರೆ ಅಚ್ಚುಹಾಕಿಸುವ ಇನಾಮದಾರರು ಇನಾಮು ಕೊಟ್ಟ ಸನದಿನ ಜೊತೆಗೆ ಆ ಪಹಣಿಯ ಪ್ರತಿಯನ್ನೂ ಹಾಕಿಸಲಿ, ಎರಡೂ ಕಲಮುಗಳ ಸಮೇತ.