ತಿಳಿನೀರೆಲ್ಲ ಕುಡಿಯುವ ನೀರಲ್ಲ



ಡಿಸೆಂಬರ್ ಕ್ಯಾಂಪಿನ ತಯಾರಿ ಸಭೆಯಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ನೀರಿನ ವಿಷಯ. ಗುಡ್ಡದ ಮೇಲೆ ಕರೆಂಟಿಲ್ಲ, ನಳ್ಳಿಯಿಲ್ಲ. ಕೆಳಗೆ ತೋಟದಲ್ಲಿ ಒಂದು ಸುರಂಗವಿದೆ. “ಸುರಂಗದ ನೀರಿಗೆ ಫಿಲ್ಟರ್ ಯಾಕೆ? ಅಜ್ಜ ಅಜ್ಜಿ ಅದನ್ನೇ ಕುಡಿದವರಲ್ಲವಾ?” ಎಂದು ಕೆಲವರು ಕೇಳಿದರು. ಸಭೆಯಲ್ಲಿ ಪೂರ್ತಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಸರಗೋಡಿನ ಸುರಂಗಗಳ ಬಗ್ಗೆ ನನಗೂ ಹೆಮ್ಮೆಯಿದೆ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಪಂಪಿಲ್ಲದೆ ನೀರು ತಾನಾಗಿ ಹರಿದು ಬರುವಂತೆ ಮಾಡಿದವರು ನಮ್ಮ ಹಿರಿಯರು. ಆದರೆ ಅವರು ಅದನ್ನು ನೋಡಿಕೊಳ್ಳುತ್ತಲೂ ಇದ್ದರು. ಮಣ್ಣು ಕುಸಿದರೆ ತೆಗೆಯುತ್ತಿದ್ದರು, ಗುಡ್ಡದ ಮೇಲೆ ಏನಾಗುತ್ತಿದೆ ಎಂದು ತಿಳಿದಿದ್ದರು. ನಾವು ಎರಡು ರಾತ್ರಿಗೆ ಬಂದುಹೋಗುವ 40 ಮಂದಿ. ಸುರಂಗದೊಳಗೆ ಬಾವಲಿಗಳಿರುತ್ತವೆ. ಮುರಕಲ್ಲು ತೂತು ತೂತಾದ ಕಲ್ಲು. ಮೇಲಿನ ಹಟ್ಟಿಯದ್ದೋ ಕಕ್ಕಸು ಗುಂಡಿಯದ್ದೋ ನೀರು ಅದರಲ್ಲಿ ಬೇಗ ಇಳಿಯುತ್ತದೆ.

ಮೂರು ವರ್ಷದ ಹಿಂದಿನ ಕ್ಯಾಂಪಿನಲ್ಲಿ ನೀರಿನ ಜವಾಬ್ದಾರಿ ನನ್ನದಾಗಿತ್ತು. ಬಟ್ಟೆಯಲ್ಲಿ ಸೋಸಿ ಕೊಟ್ಟೆ. ಅಲ್ಲಿ ಯಾರಿಗೂ ಏನೂ ಆಗಲಿಲ್ಲ. ತಿಂಗಳಾದ ಮೇಲೆ ಇಬ್ಬರಿಗೆ ಕಾಮಾಲೆ ಬಂತು. ಒಬ್ಬಳು ಪರೀಕ್ಷೆ ಬರೆಯಲಾಗಲಿಲ್ಲ. ಹೆಪಟೈಟಿಸ್ ಎ ದೇಹದೊಳಗೆ ಹೊಕ್ಕು ಕಾಣಿಸಿಕೊಳ್ಳಲು 15ರಿಂದ 50 ದಿನ ಬೇಕು. ಅದು ನಾನು ಕೊಟ್ಟ ನೀರಿನಿಂದಲೇ ಬಂತೆಂದು ಹೇಳಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ನೀರು ಮೇಲೆ ತರುವುದು ಕಷ್ಟವಲ್ಲ. 12 ವೋಲ್ಟಿನ ಸಣ್ಣ ಪಂಪು, ಒಂದು ಬ್ಯಾಟರಿ ಸಾಕು. ಪಂಪನ್ನು ಕೆಳಗೆ ನೀರಿನ ಹತ್ತಿರವೇ ಇಡಬೇಕು, ಏಕೆಂದರೆ ಎಳೆಯುವುದಕ್ಕಿಂತ ದೂಡುವುದು ಪಂಪಿಗೆ ಸುಲಭ. 60 ವ್ಯಾಟಿನ ಪಂಪು ನಿಮಿಷಕ್ಕೆ 5 ಲೀಟರ್ ಕೊಟ್ಟರೆ 40 ನಿಮಿಷದಲ್ಲಿ ಪಿಕಪ್ಪಿನ ಟ್ಯಾಂಕಿಗೆ 200 ಲೀಟರ್ ಬೀಳುತ್ತದೆ. ಪೈಪಿನ ತುದಿಗೆ ಬಲೆ ಕಟ್ಟಿ, ತಳದ ಕೆಸರಿಗೆ ತಾಗದಂತೆ ಮೇಲಕ್ಕೆ ನಿಲ್ಲಿಸಿ.

ಫಿಲ್ಟರಿನಲ್ಲಿ ಮಾತ್ರ ಮೋಸ ಹೋಗಬೇಡಿ. 20 ಮೈಕ್ರಾನ್, ನಂತರ 5 ಮೈಕ್ರಾನ್ ಫಿಲ್ಟರು ಮಣ್ಣು ಹಿಡಿಯುತ್ತದೆ. ಕಾರ್ಬನ್ ವಾಸನೆ ತೆಗೆಯುತ್ತದೆ. 0.1 ಮೈಕ್ರಾನಿನದ್ದು ಬ್ಯಾಕ್ಟೀರಿಯಾ ತಡೆಯುತ್ತದೆ. ಕಾಮಾಲೆಯ ವೈರಸ್ ಸುಮಾರು 0.03 ಮೈಕ್ರಾನ್, ಇವೆಲ್ಲವನ್ನೂ ದಾಟಿ ಬರಬಲ್ಲದು. ಆದ್ದರಿಂದ ಸೋಸಿದ ಮೇಲೂ ಕುಡಿಯುವ ನೀರು ಕೊತಕೊತನೆ ಒಂದು ನಿಮಿಷವಾದರೂ ಕುದಿಯಲೇಬೇಕು. ಕುದಿಸಿದ ನೀರಿಗೆ ಲೋಟ ಮುಳುಗಿಸುವುದು ಬೇಡ. ನಳ್ಳಿಯಿರುವ ಪಾತ್ರೆ ತನ್ನಿ.

ನನ್ನ ಕೋರಿಕೆ ಮೂರು. ಒಂದು, ಕ್ಯಾಂಪಿಗೆ ಮೊದಲೇ ನೀರನ್ನು ಲ್ಯಾಬಿಗೆ ಕೊಡೋಣ. 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಒಂದೇ ಒಂದು ಇ. ಕೋಲಿ ಕೂಡ ಇರಬಾರದು. ಎರಡು, ನಮ್ಮ ಕಕ್ಕಸು ಗುಂಡಿ ಸುರಂಗದ ಮೇಲ್ಭಾಗದಲ್ಲಿ ಬೇಡವೇ ಬೇಡ. ನಾವು ಹೋದ ಮೇಲೂ ತೋಟದ ಮನೆಯವರು ಅದೇ ನೀರು ಕುಡಿಯುವವರು. ಮೂರು, ನೀರು ಕುದಿಸುವ ಕೆಲಸವನ್ನು ಅಡುಗೆಯ ಅಕ್ಕಂದಿರ ತಲೆಗೆ ಕಟ್ಟಬೇಡಿ. ಅದಕ್ಕೆ ಬೇರೆ ಒಲೆ, ಬೇರೆ ಹಂಡೆ, ಬೇರೆ ಇಬ್ಬರು ಬೇಕು.

ಒಬ್ಬ ನಾನೇ. ಇನ್ನೊಬ್ಬರು ಭಾನುವಾರ ಪೂಜೆ ಮುಗಿದ ಮೇಲೆ ಹೆಸರು ಕೊಡಿ.