ಬೈಪಾಸ್ ಆದ್ಮೇಲೆ ಶ್ರೀರಂಗಪಟ್ಟಣಕ್ಕೆ ಕೋಟೆಯೇ ಗತಿ

ಶ್ರೀರಂಗಪಟ್ಟಣ: 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಮೈಸೂರಿನ ಕಾರುಗಳು ಬೈಪಾಸ್ ಹಿಡಿಯುತ್ತಿವೆ. ದಾರಿಯಲ್ಲಿ ಟೀ, ಎಳನೀರಿಗೆ ನಿಲ್ಲುತ್ತಿದ್ದ ಗಿರಾಕಿ ಕಮ್ಮಿ. ಇನ್ನು ಬರೋರು ಊರು ನೋಡೋಕಂತಲೇ ಬರಬೇಕು.

ನೋಡೋಕೇನು ಬರವಿಲ್ಲ. ಕಾವೇರಿ ಕವಲೊಡೆದು ಸುತ್ತುವರಿದ ದ್ವೀಪ. ಪಶ್ಚಿಮಕ್ಕೆ ಕೋಟೆ, ರಂಗನಾಥಸ್ವಾಮಿ ದೇವಸ್ಥಾನ. ಪೂರ್ವಕ್ಕೆ ದರಿಯಾ ದೌಲತ್, ಗಂಜಾಂ, ಗುಂಬಜ್, ಸಂಗಮ. 2014ರಿಂದ ಯುನೆಸ್ಕೋ ತಾತ್ಕಾಲಿಕ ಪಟ್ಟಿಯಲ್ಲೂ ಹೆಸರಿದೆ.

ತೊಡಕಿರೋದು ಊರೊಳಗೆ. ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಹಳೆ ಮನೆ ರಿಪೇರಿಗೂ ಅನುಮತಿ ಬೇಕು; ಅಲ್ಲಿಂದಾಚೆ 200 ಮೀಟರ್‌ವರೆಗೂ ಕಟ್ಟಲು ಅರ್ಜಿ ಹಾಕಲೇಬೇಕು. ಸ್ಮಾರಕಗಳ ಮಧ್ಯೆಯೇ ಬದುಕುವ ಜನಕ್ಕೆ ಇದು ದಿನನಿತ್ಯದ ತಲೆನೋವು.

ಹಾಗಂತ ನಿಯಮ ಸಡಿಲಿಸಿದರೆ ನಷ್ಟ ಅಂಗಡಿಯವರಿಗೇ. ಬುರುಜು ಮರೆಯಾಗುವಂತೆ ಕಾಂಕ್ರೀಟ್ ಎದ್ದರೆ ಪ್ರವಾಸಿಗರು ಯಾಕೆ ಬರ್ತಾರೆ? ಬೇಕಿರುವುದು ಬೇಗ ಸಿಗುವ ಅನುಮತಿ. ಜೋಡಿಹಳಿಗಾಗಿ 2017ರಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರವನ್ನೇ ಇಡಿಯಾಗಿ ಸರಿಸಲಾಯಿತು. ರೈಲಿಗೆ ದಾರಿ ಹುಡುಕಿದ ಸರ್ಕಾರ, ಸೋರುವ ಮನೆಗೂ ಹುಡುಕಬಹುದು. ಪುರಸಭೆಯಲ್ಲೇ ಅರ್ಜಿ ತುಂಬಿಸಿ ಕಳಿಸುವ ಒಂದು ಕೌಂಟರ್ ತೆರೆದರೂ ಅರ್ಧ ಅಲೆದಾಟ ತಪ್ಪುತ್ತೆ.