ಶಾಲೆಯ ಪ್ರವಾಸವೂ ಅಳತೆಯ ಪಟ್ಟಿಯೂ

ಡಿಸೆಂಬರು ಸಮೀಪಿಸಿತೆಂದರೆ ನಮ್ಮ ಪ್ರೌಢಶಾಲೆಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಯಲಹಂಕ, ಹೆಬ್ಬಾಳ, ಯಶವಂತಪುರಗಳ ಶಾಲೆಗಳ ಮುಂದೆ ಬೆಳಕು ಹರಿಯುವ ಮೊದಲೇ ಬಸ್ಸುಗಳು ಬಂದು ನಿಲ್ಲುತ್ತವೆ. ಮೂರು ದಿನಗಳಲ್ಲಿ ಏಳೆಂಟು ಊರುಗಳನ್ನು ಸುತ್ತಿ, ಪ್ರತಿಯೊಂದರಲ್ಲಿಯೂ ಗಂಟೆಗಿಂತ ಹೆಚ್ಚು ನಿಲ್ಲದೆ ಮಕ್ಕಳು ಹಿಂದಿರುಗುತ್ತಾರೆ. ಏನನ್ನು ನೋಡಿದಿರೆಂದು ವಿಚಾರಿಸಿದರೆ, ಬಸ್ಸಿನಲ್ಲಿ ಹಾಡಿದುದು, ದಾರಿಯಲ್ಲಿ ಒಬ್ಬನಿಗೆ ವಾಂತಿಯಾದುದು, ಮೊಬೈಲಿನಲ್ಲಿ ತೆಗೆದ ಇನ್ನೂರು ಚಿತ್ರಗಳು, ಇಷ್ಟೇ ಉತ್ತರ. ಶಾಲೆಯ ದಾಖಲೆಯಲ್ಲಿ ಮಾತ್ರ ಇದಕ್ಕೆ 'ಶೈಕ್ಷಣಿಕ ಪ್ರವಾಸ'ವೆಂಬ ಹೆಸರು.

ಮಕ್ಕಳ ಸಂತೋಷಕ್ಕೆ ನಾವು ವಿರೋಧಿಗಳಲ್ಲ. ಗೆಳೆಯರೊಡನೆ ರಾತ್ರಿಯೆಲ್ಲ ಮಾತನಾಡುತ್ತ ಪಯಣಿಸುವ ಸುಖವನ್ನು ಅಲ್ಲಗಳೆಯುವವನು ಉಪಾಧ್ಯಾಯನಾಗಲು ತಕ್ಕವನಲ್ಲ. ಆದರೆ ಆ ಸುಖಕ್ಕೆ ಬೆಲೆಯುಂಟು. ಅದನ್ನು ತೆರಲಾರದ ಮನೆಗಳೂ ಉಂಟು. ನಾವು ಹತ್ತನೆಯ ತರಗತಿಯಲ್ಲಿದ್ದ ವರ್ಷ ಹಣ ಕಟ್ಟಲಾಗದೆ ಉಳಿದುಹೋದ ಒಂಬತ್ತು ಮಂದಿಯಲ್ಲಿ ನಾವೂ ಒಬ್ಬರು. ಆ ಮೂರು ದಿನವೂ ಶಾಲೆಗೆ ಬರಬೇಕೆಂದು ಆಜ್ಞೆಯಾಗಿತ್ತು. ಬಂದೆವು, ಪಾಠವಿರಲಿಲ್ಲ. ಖಾಲಿ ಕೊಠಡಿಯಲ್ಲಿ ಕುಳಿತು ಕಿಟಕಿಯ ಸರಳುಗಳನ್ನು ಎಣಿಸಿದೆವು. ಇಂದಿಗೂ ಪ್ರವಾಸದ ಬಸ್ಸನ್ನು ಕಂಡಾಗ ನಮ್ಮ ಮನಸ್ಸು ಮೊದಲು ಹೋಗುವುದು ಅದರಲ್ಲಿಲ್ಲದ ಮಕ್ಕಳ ಕಡೆಗೆ.

ಆದ್ದರಿಂದ ನಮ್ಮ ಸೂಚನೆ ಇದು: ವರ್ಷಕ್ಕೊಂದು ದೂರದ ಪ್ರವಾಸ ಬೇಕಾದರೆ ಇರಲಿ, ಅದನ್ನು ವಿನೋದವೆಂದೇ ಕರೆಯೋಣ. ಶಿಕ್ಷಣಕ್ಕಾಗಿ ವರ್ಷದಲ್ಲಿ ನಾಲ್ಕು ಬಾರಿ, ಅರ್ಧ ದಿನದ ಮಟ್ಟಿಗೆ, ಶಾಲೆಯಿಂದ ಒಂದು ಗಂಟೆಯ ದಾರಿಯೊಳಗಿನ ಸ್ಥಳಕ್ಕೆ, ತರಗತಿಯ ಎಲ್ಲರನ್ನೂ ಕರೆದೊಯ್ಯತಕ್ಕದ್ದು. ಅಲ್ಲಿಗೆ ಹೋಗಿ ಸುಮ್ಮನೆ ನೋಡಿ ಬರಲಾಗದು. ಏನನ್ನಾದರೂ ಅಳೆದು ಬರಬೇಕು.

ಹತ್ತಿರದಲ್ಲಿ ನೋಡುವಂಥದೇನಿದೆ ಎಂದು ಉತ್ತರ ಬೆಂಗಳೂರಿನ ವಾಚಕರು ಕೇಳಬಹುದು. ಮೇಖ್ರಿ ವೃತ್ತವನ್ನು ದಾಟದೆ ಅವರಲ್ಲಿ ಎಷ್ಟು ಮಂದಿ ನಗರದೊಳಕ್ಕೆ ಹೋಗುತ್ತಾರೆ? ಆ ವೃತ್ತದ ಸಮೀಪದಿಂದ ಹೆಣ್ಣೂರಿನಾಚೆಯ ಕಣ್ಣೂರು ಗ್ರಾಮದವರೆಗೆ ಕಣ್ಣಿಗೆ ಕಾಣದ ಒಂದು ಸರಳರೇಖೆಯಿದೆ. ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯವರು 1868ರಲ್ಲಿ ಅಳೆದ, ಸುಮಾರು ಏಳು ಮೈಲಿ ಉದ್ದದ ಆಧಾರರೇಖೆ ಅದು. ತ್ರಿಕೋನದ ಒಂದು ಬಾಹುವೂ ಅದರ ಎರಡು ಕೋನಗಳೂ ತಿಳಿದರೆ ಉಳಿದೆರಡು ಬಾಹುಗಳನ್ನು ಗಣಿತದಿಂದಲೇ ಪಡೆಯಬಹುದಷ್ಟೆ. ಹೀಗೆ ತ್ರಿಕೋನಕ್ಕೆ ತ್ರಿಕೋನವನ್ನು ಜೋಡಿಸುತ್ತ ಇಡೀ ದೇಶದ ನಕ್ಷೆ ಬೆಳೆಯಿತು. ಆದರೆ ಆ ಸರಪಣಿಗೆ ಅಲ್ಲಲ್ಲಿ ನೆಲದ ಮೇಲೆಯೇ ಅಳೆದ ಒಂದು ಬಾಹು ಬೇಕು. ಅಂಥ ಕೆಲವೇ ಬಾಹುಗಳಲ್ಲಿ ಒಂದು ನಮ್ಮ ನೆಲದಲ್ಲಿದೆ. ವಿಲಿಯಂ ಲ್ಯಾಂಬ್ಟನ್ನನು 1800ರಲ್ಲಿಯೇ ಬೆಂಗಳೂರಿನ ಬಳಿ ಉಕ್ಕಿನ ಸರಪಣಿಯಿಂದ ಮತ್ತೊಂದು ರೇಖೆಯನ್ನು ಅಳೆದಿದ್ದನು.

ಏಳು ಮೈಲಿಯನ್ನು ಅಳೆಯುವುದರಲ್ಲಿ ಏನು ಕಷ್ಟ? ಕಷ್ಟವಿರುವುದು ಬಿಸಿಲಿನಲ್ಲಿ. ಕಬ್ಬಿಣವು ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೆರಡು ಭಾಗದಷ್ಟು ಹಿಗ್ಗುತ್ತದೆ. ಬೆಳಗಿನಿಂದ ಮಧ್ಯಾಹ್ನಕ್ಕೆ ಅಳತೆಗೋಲು ಹತ್ತು ಡಿಗ್ರಿ ಕಾಯಿತೆನ್ನೋಣ. ಏಳು ಮೈಲಿಯಲ್ಲಿ ತಪ್ಪು ಒಂದೂಕಾಲು ಮೀಟರನ್ನು ಮೀರುತ್ತದೆ. ಇದನ್ನು ಗೆಲ್ಲಲು ಕೋಲ್ಬಿ ಎಂಬಾತ ರೂಪಿಸಿದ ಸರಳುಗಳನ್ನು 1868ರ ಕೆಲಸದಲ್ಲಿ ಬಳಸಿದರು. ಹತ್ತು ಅಡಿಯ ಒಂದು ಕಬ್ಬಿಣದ ಸರಳು, ಪಕ್ಕದಲ್ಲಿ ಅಷ್ಟೇ ಉದ್ದದ ಒಂದು ಹಿತ್ತಾಳೆಯ ಸರಳು; ಎರಡನ್ನೂ ನಡುವೆ ಬಿಗಿದು, ಎರಡು ತುದಿಗಳಲ್ಲಿಯೂ ಒಂದೊಂದು ಅಡ್ಡ ನಾಲಗೆಯನ್ನು ತಿರುಗುವಂತೆ ಜೋಡಿಸಿದ್ದರು. ಕಾದಾಗ ಹಿತ್ತಾಳೆಯು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗಿ ನಾಲಗೆಯನ್ನು ಓರೆಯಾಗಿಸುತ್ತದೆ. ನಾಲಗೆಯ ಮೇಲೆ, ಕಬ್ಬಿಣದಿಂದ ಆಚೆಗೆ, ಲೆಕ್ಕ ಹಾಕಿ ಗುರುತಿಸಿದ ಒಂದು ಚುಕ್ಕೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಎರಡು ತುದಿಗಳ ಚುಕ್ಕೆಗಳ ನಡುವಣ ದೂರವೇ ಅಳತೆ! ಇಂಥ ಆರು ಸರಳುಗಳನ್ನು ಸೂಕ್ಷ್ಮದರ್ಶಕಗಳ ನೆರವಿನಿಂದ ಸಾಲಾಗಿ ಇಟ್ಟರೆ 63 ಅಡಿಯಾಗುತ್ತಿತ್ತು. ಏಳು ಮೈಲಿಗೆ ಹೆಚ್ಚುಕಡಮೆ ಆರುನೂರು ಬಾರಿ ಹಾಗೆ ಇಡಬೇಕು.

ಉಷ್ಣದಿಂದ ಘನವಸ್ತುಗಳ ವ್ಯಾಕೋಚನವನ್ನು ನಾವು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬೋಧಿಸುತ್ತೇವೆ. ರೈಲುಹಳಿಗಳ ನಡುವಣ ಸಂದಿನ ಹಳೆಯ ಉದಾಹರಣೆಯನ್ನು ಕೊಡುತ್ತೇವೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಆಕಳಿಸುತ್ತಾರೆ. ಅದೇ ವಿದ್ಯಾರ್ಥಿಗಳ ಕೈಗೆ 30 ಮೀಟರಿನ ಉಕ್ಕಿನ ಪಟ್ಟಿಯನ್ನು ಕೊಟ್ಟು, ಶಾಲೆಯ ಅಂಗಳದಲ್ಲಿ ಎರಡು ಗೂಟಗಳ ನಡುವಣ ದೂರವನ್ನು ಬೆಳಗ್ಗೆ ಏಳಕ್ಕೊಮ್ಮೆ, ಪಟ್ಟಿಯನ್ನು ಬಿಸಿಲಿನಲ್ಲಿ ಕಾಯಲು ಬಿಟ್ಟು ಮಧ್ಯಾಹ್ನಕ್ಕೊಮ್ಮೆ ಅಳೆಯಿಸಿರಿ. ಪಟ್ಟಿ ಇಪ್ಪತ್ತು ಡಿಗ್ರಿ ಹೆಚ್ಚು ಕಾದಿದ್ದರೆ ಎರಡು ಅಳತೆಗಳ ನಡುವೆ ಏಳು ಮಿಲಿಮೀಟರಿನಷ್ಟು ಅಂತರ ಬರಬೇಕು. ಬರಿಗಣ್ಣಿಗೆ ಕಾಣುವ ಅಂತರವದು. ಬಳಿಕ ಅವರನ್ನು ಆಧಾರರೇಖೆಯ ತುದಿಗೆ ಕರೆದೊಯ್ದರೆ, ಅಲ್ಲಿನ ಕಲ್ಲು ಅವರೊಡನೆ ಮಾತನಾಡುತ್ತದೆ.

ಆದರೆ ಒಂದು ತುದಿಯಲ್ಲಿ ಮಾತನಾಡಲು ಈಗ ಏನೂ ಇಲ್ಲ. ಕಣ್ಣೂರಿನಲ್ಲಿದ್ದ ಸರ್ವೇಕ್ಷಣೆಯ ಕಟ್ಟಡವು 2024ರಲ್ಲಿ ನೆಲಸಮವಾಯಿತು. ಪತ್ರಿಕೆಗಳಲ್ಲಿ ಆ ಸುದ್ದಿ ಬಂದಾಗಲೇ ಅಂಥದೊಂದು ಕಟ್ಟಡವಿತ್ತೆಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ತಿಳಿದುದು. ನಿಜ ಹೇಳಬೇಕೆಂದರೆ, ಭೌತಶಾಸ್ತ್ರವನ್ನು ಬೋಧಿಸುವ ನಾವೂ ಒಮ್ಮೆಯೂ ಅಲ್ಲಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಿರಲಿಲ್ಲ. ಸುತ್ತಲಿನ ಶಾಲೆಗಳು ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುತ್ತಿದ್ದರೆ ಅದು ಉಳಿಯುತ್ತಿತ್ತೆಂದು ಆಣೆಯಿಟ್ಟು ಹೇಳಲಾರೆವು. ಅಷ್ಟು ನಿಶ್ಶಬ್ದವಾಗಿ ಹೋಗುತ್ತಿರಲಿಲ್ಲವೆಂದು ಹೇಳಬಲ್ಲೆವು. ಇದಕ್ಕೆ ಎದುರಾದ ದೃಷ್ಟಾಂತವೂ ಅಲ್ಲಿಂದ ದೂರವಿಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಊರವರೂ ಆಸಕ್ತರೂ ಅದರ ಬೆಲೆಯನ್ನು ಅರಿತರು. ಕಲ್ಲಿಗೆ ಮಂಟಪವೇ ಆಯಿತು.

ಇಂಥ ಸಂಚಾರಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಪಠ್ಯಭಾಗ ಮುಗಿಯದೆಂಬುದು ಮೊದಲನೆಯದು. ಮೂರು ದಿನದ ಪ್ರವಾಸಕ್ಕೆ ಅಡ್ಡಿಯಾಗದ ಪಠ್ಯಭಾಗವು ಅರ್ಧ ದಿನಕ್ಕೆ ಅಡ್ಡಿಯಾಗುವುದಾದರೂ ಹೇಗೆ? ಎರಡನೆಯದು ಹೊಣೆಗಾರಿಕೆಯ ಮಾತು, ಅದನ್ನು ಹಗುರವಾಗಿ ಎಣಿಸಲಾಗದು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರಕ್ಕೆ ಶಾಲಾಪ್ರವಾಸದಲ್ಲಿ ಬಂದಿದ್ದ ನಾಲ್ವರು ಬಾಲಕಿಯರು ನೀರಿನಲ್ಲಿ ಮುಳುಗಿ ತೀರಿಕೊಂಡರು. ಅರಿಯದ ಊರು, ಅರಿಯದ ನೀರು, ದಣಿದ ಉಪಾಧ್ಯಾಯರು, ಗಡಿಯಾರದ ಅವಸರ, ಇವೆಲ್ಲ ದೂರದ ಪ್ರವಾಸದ ಸಂಗಾತಿಗಳು. ಹತ್ತಿರದ ಕೆರೆಯೂ ಕೆರೆಯೇ, ಅಲ್ಲಿಯೂ ಎಚ್ಚರ ಬೇಕು. ಆದರೆ ಉಪಾಧ್ಯಾಯನು ಹಿಂದಿನ ದಿನವೇ ಹೋಗಿ ಏರಿಯನ್ನು ನಡೆದು ನೋಡಿ ಬರಬಹುದು.

ದೊಡ್ಡ ಸಂಸ್ಥೆಗಳಿಗೆ ಹೋಗುವುದರ ವಿಷಯದಲ್ಲಿಯೂ ಒಂದು ಮಾತು. ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಯು ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಅದು ಒಳ್ಳೆಯದೇ, ಹೋಗಬೇಕು. ಸಾಲಿನಲ್ಲಿ ನಿಂತು ಹತ್ತು ಪ್ರಯೋಗಾಲಯಗಳ ಮುಂದೆ ಹಾದುಹೋಗುವುದಕ್ಕಿಂತ ಒಂದರ ಮುಂದೆ ಒಂದು ಗಂಟೆ ನಿಂತು ಪ್ರಶ್ನೆ ಕೇಳುವುದು ಲೇಸೆಂದು ಮಾತ್ರ ನಮ್ಮ ಅನುಭವ.

ಕಳೆದ ಚಳಿಗಾಲದಲ್ಲಿ ನೆರೆಯ ಪ್ರೌಢಶಾಲೆಯೊಂದರ ಒಂಬತ್ತನೆಯ ತರಗತಿಯವರೊಡನೆ ನಾವು ಜಕ್ಕೂರು ಕೆರೆಗೆ ಹೋಗಿದ್ದೆವು. ಅಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಜೌಗುಸಸ್ಯಗಳ ನಡುವೆ ಹಾದು ಕೆರೆಯನ್ನು ಸೇರುವುದರಿಂದ ರಸಾಯನಶಾಸ್ತ್ರದವರಿಗೂ ಜೀವಶಾಸ್ತ್ರದವರಿಗೂ ಬೇಕಾದಷ್ಟು ಕೆಲಸವುಂಟು. ನಮ್ಮ ಕೆಲಸವಾದರೋ ಕೆರೆಯನ್ನು ದಾಟದೆ ಅದರ ಅಗಲವನ್ನು ಅಳೆಯುವುದು. ದಡದಲ್ಲಿ ನೂರು ಮೀಟರಿನ ರೇಖೆ. ಅದರ ಒಂದು ತುದಿಗೆ ಲಂಬವಾಗಿ ಎದುರು ದಡದಲ್ಲಿ ಒಂದು ಮರ. ಇನ್ನೊಂದು ತುದಿಯಿಂದ ಆ ಮರಕ್ಕಿರುವ ಕೋನವನ್ನು ರಟ್ಟಿನ ಕೋನಮಾಪಕದಿಂದ ಓದಬೇಕು. ಮೂರು ಗುಂಪುಗಳು ಓದಿದವು: 77, 78, 79 ಡಿಗ್ರಿ. ಸ್ಪರ್ಶಕದ ಕೋಷ್ಟಕವನ್ನು ನೋಡಿ ಗುಣಿಸಿದರೆ ಅಗಲವು 433, 470, 514 ಮೀಟರುಗಳು! ಒಂದೊಂದು ಡಿಗ್ರಿಗೆ ನಲವತ್ತು ಮೀಟರಿನ ಏರುಪೇರು. ಗುಂಪುಗಳ ನಡುವೆ ಜಗಳವೇ ಹತ್ತಿತು. ಹುಡುಗಿಯೊಬ್ಬಳು ಬಂದು, "ಸರಿಯಾದ ಉತ್ತರ ಯಾವುದು, ಸಾರ್?" ಎಂದಳು. ನಮಗೂ ತಿಳಿಯದೆಂದೆವು. ಅವಳಿಗೆ ಅದು ನಂಬಲಾಗದ ಮಾತಾಗಿ ತೋರಿತು. ಉತ್ತರ ತಿಳಿಯದ ಪ್ರಶ್ನೆಯನ್ನು ಉಪಾಧ್ಯಾಯರು ಕೇಳುವುದುಂಟೆ?

ಹಿಂದಿರುಗುವ ದಾರಿಯಲ್ಲಿ ಆಧಾರರೇಖೆ ಬಹಳ ಚಿಕ್ಕದಾಯಿತೆಂದು ತರ್ಕಿಸಿದವಳು ಅವಳೇ. ಮುಂದಿನ ಶನಿವಾರ ಅವರು ತಾವಾಗಿಯೇ ಇನ್ನೂರು ಮೀಟರಿನ ರೇಖೆ ಹಾಕಬೇಕೆಂದು ನಿಶ್ಚಯಿಸಿದರು. ಆಗ ಕೋನವು 67 ಡಿಗ್ರಿಯ ಸುತ್ತಮುತ್ತ ಬಂದು, ಒಂದು ಡಿಗ್ರಿಯ ತಪ್ಪಿಗೆ ಏರುಪೇರು ಇಪ್ಪತ್ತಮೂರು ಮೀಟರಿನಷ್ಟಕ್ಕೆ ಇಳಿಯಿತು. ಆ ದಿನ ತರಗತಿಯಲ್ಲಿ ಹಿಂದೆ ಉಳಿದವರು ಯಾರೂ ಇರಲಿಲ್ಲ. ಪಟ್ಟಿಯನ್ನು ಮಾತ್ರ ಯಾರೋ ಕೆರೆಯ ಏರಿಯ ಮೇಲೆಯೇ ಮರೆತು ಬಂದಿದ್ದರು. ಸಂಜೆ ಇಬ್ಬರು ಸೈಕಲ್ಲಿನಲ್ಲಿ ಹೋಗಿ ತಂದರು.